ಎರಡು ಸಲ ಮರಳಿ ಬಂದ ಕರುಳಿನ ಸೋಂಕು, ಕೊನೆಗೆ ಮಲ ಕಸಿ: ನನ್ನ ಅನುಭವ, ನಿಮ್ಮ ಪ್ರಶ್ನೆಗಳು

ತುಂಗೆಯ ಮಗಳು

ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ಮುಜುಗರದ್ದು. ಊಟ ಮಾಡ್ತಾ ಓದುತ್ತಿದ್ದರೆ ಪಕ್ಕಕ್ಕಿಟ್ಟು ಆಮೇಲೆ ಬನ್ನಿ. ಆದರೆ ದಯವಿಟ್ಟು ಬನ್ನಿ. ಈ ಮುಜುಗರದಿಂದಲೇ ನಾನು ಸುಮ್ನೆ ಎರಡು ತಿಂಗಳು ಜಾಸ್ತಿ ನರಳಿದೆ.

ನನ್ನ ಊರು ತೀರ್ಥಹಳ್ಳಿ ಕಡೆ. ಹದಿನಾಲ್ಕು ವರ್ಷದಿಂದ ಇಂಗ್ಲೆಂಡಿನಲ್ಲಿದ್ದೇನೆ. ಕಳೆದ ವರ್ಷ ಫೆಬ್ರವರಿಯಲ್ಲಿ ದವಡೆ ಹಲ್ಲಿನ ಬುಡದಲ್ಲಿ ಕೀವು ಕಟ್ಟಿತು. ನನಗೆ ಪೆನಿಸಿಲಿನ್ ಆಗಿಬರಲ್ಲ. ಹಾಗಾಗಿ ಕ್ಲಿಂಡಾಮೈಸಿನ್ ಅನ್ನೋ ಆ್ಯಂಟಿಬಯಾಟಿಕ್ ಕೊಟ್ಟರು. ಹಲ್ಲುನೋವು ಹೋಯಿತು. ಮಾತ್ರೆ ಮುಗಿದ ವಾರಕ್ಕೆ ಹೊಟ್ಟೆ ಕೆಟ್ಟಿತು.

ಎರಡು ದಿನ ಗಂಜಿ, ಉಪ್ಪು-ಸಕ್ಕರೆ ನೀರು ಕುಡಿದು ಕೂತೆ. ನಿಲ್ಲಲಿಲ್ಲ. ದಿನಕ್ಕೆ ಹನ್ನೆರಡು ಸಲ, ಹದಿನೈದು ಸಲ. ಬರೀ ನೀರು. ಹೊಟ್ಟೆಯ ಕೆಳಭಾಗ ಹಿಂಡಿದ ಹಾಗೆ ನೋವು, ಜೊತೆಗೆ ಜ್ವರ. ವಾಸನೆ ಸಾಮಾನ್ಯ ಭೇದಿಯದಲ್ಲ, ಸಿಹಿ ಬೆರೆತ ಕೊಳೆತ ವಾಸನೆ. ಇವತ್ತಿಗೂ ನೆನಪಾದರೆ ಗಂಟಲು ಕಟ್ಟುತ್ತದೆ. ಮಲ ಪರೀಕ್ಷೆ ಮಾಡಿಸಿದಾಗ ಬಂದ ಹೆಸರು ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಅನ್ನೋ ಬ್ಯಾಕ್ಟೀರಿಯಾದ್ದು. ಆಸ್ಪತ್ರೆಯಲ್ಲಿ ಎಲ್ಲರೂ ಸಿ. ಡಿಫ್ ಅಂತಾರೆ.

ವ್ಯಾಂಕೊಮೈಸಿನ್ ಅನ್ನೋ ಇನ್ನೊಂದು ಆ್ಯಂಟಿಬಯಾಟಿಕ್ ಕೊಟ್ಟರು, 125 ಮಿ.ಗ್ರಾಂ, ದಿನಕ್ಕೆ 4 ಸಲ, 10 ದಿನ. ನಾಲ್ಕನೇ ದಿನಕ್ಕೆ ಭೇದಿ ನಿಂತಿತು. ದೇವರೇ, ಮುಗೀತು ಅಂದುಕೊಂಡೆ. ಮಾತ್ರೆ ನಿಲ್ಲಿಸಿ ಎರಡು ವಾರಕ್ಕೆ ಮತ್ತೆ ಅದೇ ವಾಸನೆ. ಎರಡನೇ ಸಲ ಫಿಡಾಕ್ಸೊಮೈಸಿನ್ ಅನ್ನೋ ದುಬಾರಿ ಮಾತ್ರೆ ಕೊಟ್ಟರು. ಅದೂ ಮುಗಿದು ಐದು ವಾರಕ್ಕೆ ಮೂರನೇ ಸಲ ಬಂತು. ಅಷ್ಟೊತ್ತಿಗೆ 9 ಕಿಲೋ ಇಳಿದಿದ್ದೆ. ಮಗಳ ಶಾಲೆಯವರೆಗೆ ನಡೆಯೋಕೂ ಭಯ. ದಾರಿಯಲ್ಲಿ ಬಾತ್‌ರೂಮ್ ಎಲ್ಲಿದೆ ಅಂತ ಲೆಕ್ಕ ಹಾಕಿಕೊಂಡೇ ಮನೆ ಬಿಡುತ್ತಿದ್ದೆ.

ಎರಡನೇ ಸಲ ಮರಳಿ ಬಂದಾಗಲೇ ಸೋಂಕಿನ ವಿಭಾಗದ ಡಾಕ್ಟರು ಎಫ್‌ಎಂಟಿ ಬಗ್ಗೆ ಹೇಳಿದರು. ಆರೋಗ್ಯವಂತರ ಮಲದಲ್ಲಿರುವ ಬ್ಯಾಕ್ಟೀರಿಯಾವನ್ನು ರೋಗಿಯ ಕರುಳಿಗೆ ಸೇರಿಸೋದು. ಮಲ ಕಸಿ. ನಾನು ಆಗಲ್ಲ ಅಂದೆ. ನಮ್ಮದು ಮಡಿ-ಮೈಲಿಗೆ ನೋಡುವ ಮನೆ. ಯಾರದ್ದೋ ಏನೋ ನನ್ನೊಳಗೆ ಅಂತ ನೆನೆದೇ ವಾಕರಿಕೆ ಬಂತು. ಮನೆಯವರಿಗೂ ಹೇಳಲಿಲ್ಲ. ಇನ್ನೊಂದು ಸುತ್ತು ವ್ಯಾಂಕೊಮೈಸಿನ್ ಕೊಡಿ ಅಂತ ಕೇಳಿಕೊಂಡೆ. ಸ್ವಲ್ಪ ಸ್ವಲ್ಪ ಕಡಿಮೆ ಮಾಡ್ತಾ ಹೋಗೋ ಕ್ರಮದಲ್ಲಿ ಕೊಟ್ಟರು. ಎರಡು ತಿಂಗಳು ಅದರಲ್ಲೇ ಕಳೆಯಿತು. ಡೋಸ್ ಇಳಿಸಿದಾಗಲೆಲ್ಲ ಹೊಟ್ಟೆ ತಿರುಗುತ್ತಿತ್ತು.

ಕೊನೆಗೆ ಫೋನಿನಲ್ಲಿ ಅಮ್ಮನ ಹತ್ತಿರ ಅತ್ತುಬಿಟ್ಟೆ. ಎಲ್ಲ ಹೇಳಿದೆ. ಅಮ್ಮನಿಗೆ 74 ವರ್ಷ. ಈಗಲೂ ಮಡಿ ಉಟ್ಟೇ ದೇವರಿಗೆ ದೀಪ ಹಚ್ಚುವವರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು, "ನಿನ್ನ ತೊಟ್ಟಿಲ ಬಟ್ಟೆ ತೊಳೆದ ಕೈ ಇದು. ನಿಮ್ಮಜ್ಜಿ ಮಲಗಿದಲ್ಲೇ ಆದಾಗ ಬಳಿದ ಕೈಯೂ ಇದೇ. ನಂಗೆ ಯಾವ ಹೇಸಿಗೆ? ನೀ ಬದುಕು ಮಾರಾಯ್ತಿ. ನಮ್ಮನೆ ಹೆಪ್ಪು ಕೆಟ್ರೆ ಪಕ್ಕದ ಮನೆಯಿಂದ ತರ್ತಿರ್ಲಿಲ್ವಾ? ಹಂಗೇ ತಿಳ್ಕೋ."

ಮರುದಿನವೇ ಆಸ್ಪತ್ರೆಗೆ ಫೋನ್ ಮಾಡಿ ಒಪ್ಪಿಗೆ ಹೇಳಿದೆ.

ಮಾಡಿದ್ದು ಹೇಗೆ ಅಂದರೆ, ವ್ಯಾಂಕೊಮೈಸಿನ್ ಹಿಂದಿನ ದಿನ ನಿಲ್ಲಿಸಿದರು. ಹೊಟ್ಟೆ ತೊಳೆಯುವ ಪುಡಿ ನೀರಿಗೆ ಕಲಸಿ ಕುಡಿಸಿದರು. ಆಸಿಡ್ ಕಡಿಮೆ ಮಾಡುವ ಮಾತ್ರೆ ಕೊಟ್ಟರು. ಮೂಗಿನಿಂದ ಹೊಟ್ಟೆಗೆ ತೆಳು ಟ್ಯೂಬ್ ಇಳಿಸಿದರು. ಕಷ್ಟದ ಭಾಗ ಅಂದರೆ ಅದೊಂದೇ. ಕಣ್ಣಲ್ಲಿ ನೀರು ಬಂತು. ನರ್ಸ್ ಒಂದು ಸಿರಿಂಜ್ ತಂದರು. ಒಳಗೆ ತೆಳು ಕಾಫಿ ಬಣ್ಣದ ನೀರು. ದಾನಿಯ ಮಲವನ್ನು ಶೋಧಿಸಿ, ಉಪ್ಪುನೀರು ಮತ್ತು ಗ್ಲಿಸರಾಲ್ ಬೆರೆಸಿ, ಮೈನಸ್ 80 ಡಿಗ್ರಿಯಲ್ಲಿ ಇಟ್ಟಿದ್ದನ್ನು ಕರಗಿಸಿದ್ದಂತೆ. ನಿಧಾನಕ್ಕೆ ಒತ್ತಿದರು. ವಾಸನೆ ಬರಲಿಲ್ಲ, ರುಚಿ ಗೊತ್ತಾಗಲಿಲ್ಲ. ಗಂಟಲಲ್ಲಿ ತಣ್ಣಗೆ ಏನೋ ಇಳಿದ ಹಾಗಾಯಿತು ಅಷ್ಟೇ. ಹಿಂದೆಯೇ ಒಂದಿಷ್ಟು ನೀರು ಬಿಟ್ಟು ಟ್ಯೂಬ್ ತೆಗೆದರು. ಎರಡು ಗಂಟೆ ಕೂರಿಸಿ ಮನೆಗೆ ಕಳಿಸಿದರು.

ಆವತ್ತು ರಾತ್ರಿ ಹೊಟ್ಟೆ ಗುಡುಗುಟ್ಟಿತು, ತೇಗು ಬಂತು. ಎರಡು ದಿನ ಸ್ವಲ್ಪ ಸಡಿಲವಾಯಿತು. ಐದನೇ ದಿನ ಬೆಳಿಗ್ಗೆ ಗಟ್ಟಿಯಾಗಿ ಆಯಿತು. ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅತ್ತೆ. ಈಗ ಹನ್ನೊಂದು ತಿಂಗಳು. ಮತ್ತೆ ಬಂದಿಲ್ಲ.

ಏನು ಬೇಕಾದರೂ ಕೇಳಿ. ಗೊತ್ತಿರುವುದನ್ನು ಹೇಳುತ್ತೇನೆ.

ಮಜ್ಜಿಗೆ ಹುಳಿ

ಅಕ್ಕಾ, ಓದಿ ಕಣ್ಣು ಒದ್ದೆಯಾಯಿತು. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಒಂದು ಪ್ರಶ್ನೆ. ಒಳ್ಳೆ ಬ್ಯಾಕ್ಟೀರಿಯಾ ಬೇಕು ಅಂದರೆ ಮೊಸರು, ಮಜ್ಜಿಗೆ, ಅಂಗಡಿಯ ಪ್ರೋಬಯಾಟಿಕ್ ಸಾಕಾಗಲ್ವಾ? ಇಷ್ಟು ದೂರ ಯಾಕೆ ಹೋಗಬೇಕು?

ತುಂಗೆಯ ಮಗಳು

ನಾನೂ ಅದನ್ನೇ ಮಾಡಿದ್ದೆ. ದಿನಾ ಎರಡು ಲೋಟ ಮಜ್ಜಿಗೆ, ಜೊತೆಗೆ ಪ್ರೋಬಯಾಟಿಕ್ ಡಬ್ಬಿ. ಏನೂ ಪ್ರಯೋಜನ ಆಗಲಿಲ್ಲ. ಯಾಕೆ ಅನ್ನೋದನ್ನು ಡಾಕ್ಟರ್ ಯಾರಾದರೂ ಇದ್ದರೆ ಹೇಳಿ.

ಹುಬ್ಬಳ್ಳಿ ಎಂಡೋಸ್ಕೋಪಿ

ನಾನು ಜಠರ-ಕರುಳಿನ ಡಾಕ್ಟರ್. ತಂಗಿ ಬರೆದದ್ದು ತುಂಬಾ ಉಪಯೋಗ ಆಗುತ್ತದೆ. ನಮ್ಮಲ್ಲಿ ಇದರ ಬಗ್ಗೆ ಮಾತೇ ಇಲ್ಲ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಅಮ್ಮ ಹೇಳಿದ ಹೆಪ್ಪಿನ ಮಾತು ನಾನು ಕೇಳಿದ ವಿವರಣೆಗಳಲ್ಲೆಲ್ಲ ಚೆನ್ನಾಗಿರುವುದು. ಆದರೆ ಮೊಸರಿನ ಹೆಪ್ಪಿನಲ್ಲಿ ಇರುವುದು ಬೆರಳೆಣಿಕೆಯ ಜಾತಿಗಳು. ಹಾಲನ್ನು ಹುಳಿ ಮಾಡುವುದು ಅವುಗಳ ಕೆಲಸ. ದೊಡ್ಡ ಕರುಳಿನಲ್ಲಿ ನೂರಾರು ಜಾತಿ ಇವೆ. ಹೆಚ್ಚಿನವಕ್ಕೆ ಗಾಳಿ ತಾಗಿದರೆ ಆಗಲ್ಲ. ಡಬ್ಬಿಯಲ್ಲಿ ತುಂಬಿ ಮಾರಲು ಅವು ಸಿಗುವುದಿಲ್ಲ. ಮೊಸರಿನ ಬ್ಯಾಕ್ಟೀರಿಯಾ ಕರುಳಿಗೆ ಬಂದು ಹೋಗುವ ನೆಂಟರು, ಮನೆಯವರಲ್ಲ. ಮೊಸರು ತಿನ್ನಿ, ಒಳ್ಳೆಯದೇ. ಆದರೆ ಮರುಕಳಿಸುವ ಸಿ. ಡಿಫ್‌ಗೆ ಅದು ಮದ್ದಲ್ಲ. ಮತ್ತೆ ಬರದಂತೆ ತಡೆಯಲು ಪ್ರೋಬಯಾಟಿಕ್ ಬೇಡ ಅಂತ ಅಮೆರಿಕನ್ ಕಾಲೇಜ್ ಆಫ್ ಗ್ಯಾಸ್ಟ್ರೋಎಂಟರಾಲಜಿ ಅನ್ನುವ ಕರುಳು ತಜ್ಞರ ಸಂಘವೇ 2021ರ ಮಾರ್ಗಸೂಚಿಯಲ್ಲಿ ಹೇಳಿದೆ.

ಈಗ ಈ ರೋಗಾಣು ಯಾಕೆ ಮತ್ತೆ ಮತ್ತೆ ಬರುತ್ತದೆ ಅಂತ ನೋಡಿ. ಇದು ಬೀಜದ ಹಾಗೆ ಗಟ್ಟಿ ಚಿಪ್ಪಿನ ರೂಪ ತಾಳುತ್ತದೆ. ಅದಕ್ಕೆ ಸ್ಪೋರ್ ಅನ್ನುತ್ತೇವೆ. ವ್ಯಾಂಕೊಮೈಸಿನ್ ಬೆಳೆಯುತ್ತಿರುವ ರೋಗಾಣುವನ್ನು ತಡೆಯುತ್ತದೆ, ಸ್ಪೋರ್ ಹಾಗೇ ಉಳಿಯುತ್ತದೆ. ಅದೇ ಔಷಧ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಹೊಡೆಯುತ್ತದೆ.

ಇಲ್ಲಿ ಪಿತ್ತರಸದ ಕತೆ ಬರುತ್ತದೆ, ನನಗೆ ಇದು ಬಹಳ ಇಷ್ಟ. ಯಕೃತ್ತಿನಿಂದ ಬರುವ ಪಿತ್ತದ ಲವಣಗಳು ಈ ಸ್ಪೋರನ್ನು ಮೊಳಕೆ ಒಡೆಸುತ್ತವೆ. ಆರೋಗ್ಯವಂತರ ದೊಡ್ಡ ಕರುಳಿನಲ್ಲಿ ಕೆಲವು ಬ್ಯಾಕ್ಟೀರಿಯಾ ಇವೆ. ಅವು ಅದೇ ಪಿತ್ತವನ್ನು ಬೇರೆ ರೂಪಕ್ಕೆ ತಿರುಗಿಸುತ್ತವೆ. ಆ ರೂಪ ಸಿ. ಡಿಫ್ ಬೆಳೆಯದಂತೆ ತಡೆಯುತ್ತದೆ. ಆ್ಯಂಟಿಬಯಾಟಿಕ್ ಬಿದ್ದಾಗ ಈ ಕೆಲಸಗಾರರು ಸಾಯುತ್ತಾರೆ. ಪಿತ್ತ ತಿರುಗದೆ ಹಾಗೇ ಇಳಿಯುತ್ತದೆ. ಸ್ಪೋರ್ ಎದ್ದು ವಿಷ ಕಾರುತ್ತದೆ. ಮಲ ಕಸಿಯಿಂದ ಆ ಕೆಲಸಗಾರರು ವಾಪಸ್ ಬರುತ್ತಾರೆ. ಹಾಗಾಗಿಯೇ ಇನ್ನೊಂದು ಸುತ್ತು ಮಾತ್ರೆಗಿಂತ ಇದು ಕೆಲಸ ಮಾಡುತ್ತದೆ.

ಪುರಾವೆ ಬೇಕು ಅನ್ನುವವರಿಗೆ, ನೆದರ್‌ಲ್ಯಾಂಡ್ಸಿನಲ್ಲಿ ನಡೆದ ಪ್ರಯೋಗ 2013ರ ಜನವರಿಯಲ್ಲಿ ಪ್ರಕಟವಾಯಿತು. ಮಲ ಕಸಿ ಪಡೆದ 16 ಮಂದಿಯಲ್ಲಿ 13 ಮಂದಿಗೆ ಒಂದೇ ಸಲಕ್ಕೆ ವಾಸಿಯಾಯಿತು. ಉಳಿದ 3 ಮಂದಿಗೆ ಎರಡನೇ ಸಲ ಕೊಟ್ಟಾಗ ಇನ್ನೂ 2 ಮಂದಿ ಗುಣವಾದರು. ಬರೀ ವ್ಯಾಂಕೊಮೈಸಿನ್ ಪಡೆದ 13ರಲ್ಲಿ 4 ಮಂದಿ ಮಾತ್ರ. ವ್ಯತ್ಯಾಸ ಎಷ್ಟಿತ್ತು ಅಂದರೆ ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು. ಸಣ್ಣ ಪ್ರಯೋಗ ನಿಜ. ಆದರೆ ಅದಾದ ಮೇಲೆ ನಮ್ಮ ಕ್ಷೇತ್ರದಲ್ಲಿ ಇದನ್ನು ಯಾರೂ ತಮಾಷೆ ಮಾಡಲಿಲ್ಲ.

ಕೊಟ್ಟಿಗೆ ಡಾಕ್ಟ್ರು, ಹಾಸನ

ಡಾಕ್ಟರೇ, ನಾನು ದನದ ಡಾಕ್ಟರ್. ಇದನ್ನು ಓದಿ ಸಂತೋಷ ಆಯಿತು. ನಾವು ಇದನ್ನು ಮಾಡುತ್ತಲೇ ಇದ್ದೇವೆ.

ಹಳ್ಳಿಯಲ್ಲಿ ಮದುವೆ ಆದ ಮರುದಿನ ನನಗೆ ಫೋನ್ ಬರುವುದು ಗ್ಯಾರಂಟಿ. ಮಿಕ್ಕ ಅನ್ನ, ಪಾಯಸ ಎಲ್ಲ ಹಸುವಿಗೆ ಸುರಿದಿರುತ್ತಾರೆ. ಪ್ರೀತಿಯಿಂದಲೇ ಹಾಕಿರುತ್ತಾರೆ ಪಾಪ. ಹಸುವಿನ ದೊಡ್ಡ ಹೊಟ್ಟೆ ಹುಳಿಯಾಗಿ ಅಲ್ಲಿನ ಒಳ್ಳೆಯ ಜೀವಾಣು ಸತ್ತು ಹೋಗುತ್ತವೆ. ಮೆಲುಕು ನಿಲ್ಲುತ್ತದೆ. ಮೊದಲು ಆ ಹುಳಿ ಇಳಿಸಬೇಕು. ಆಮೇಲೆ ಆರೋಗ್ಯವಾಗಿರುವ ಇನ್ನೊಂದು ಹಸುವಿನ ಹೊಟ್ಟೆಯ ರಸ ತೆಗೆದು, ಬಟ್ಟೆಯಲ್ಲಿ ಶೋಧಿಸಿ, ಬಿಸಿ ಆರುವ ಮುಂಚೆ ಟ್ಯೂಬಿನಲ್ಲಿ ಇಳಿಸುತ್ತೇವೆ. ಮೂರರಿಂದ ಐದು ಲೀಟರ್. ತಡ ಮಾಡುವ ಹಾಗಿಲ್ಲ, ಗಾಳಿಗೆ ಆ ಜೀವಾಣು ಸಾಯುತ್ತವೆ. ಹೋದ ತಿಂಗಳು ಒಂದು ಎಚ್‌ಎಫ್ ಹಸು ಮೂರು ದಿನ ಬಾಯಿ ಆಡಿಸಿರಲಿಲ್ಲ. ರಸ ಕೊಟ್ಟ ಮರುದಿನ ಸಂಜೆ ಹೋದೆ. ಕಣ್ಣು ಅರ್ಧ ಮುಚ್ಚಿಕೊಂಡು ಮೆಲುಕು ಹಾಕುತ್ತಾ ಮಲಗಿತ್ತು. ಆ ಮನೆಯ ಅಜ್ಜಿ ಅದರ ಗಂಗೆದೊಗಲು ಸವರುತ್ತಾ ಪಕ್ಕದಲ್ಲೇ ಕೂತಿದ್ದರು.

ಹಸುವಿಗೆ ಮಾಡಿದರೆ ಯಾರಿಗೂ ಹೇಸಿಗೆ ಇಲ್ಲ. ಮನುಷ್ಯರಿಗೆ ಅಂದಾಗ ಯಾಕೋ?

ಅರಿವಿನ ಹಾದಿ

ನಮ್ಮ ಹಿರಿಯರು ಪಂಚಗವ್ಯ ಅಂತ ಕೊಡುತ್ತಿರಲಿಲ್ವಾ? ಅದರಲ್ಲಿ ಸಗಣಿಯೂ ಇರುತ್ತದೆ. ಅಂದರೆ ಇದು ನಮಗೆ ಮೊದಲೇ ಗೊತ್ತಿತ್ತು ಅಂತಾಯಿತು. ಇದಕ್ಕೆ ವಿದೇಶದ ಆಸ್ಪತ್ರೆ ಯಾಕೆ?

ಹುಬ್ಬಳ್ಳಿ ಎಂಡೋಸ್ಕೋಪಿ

ನಿಮ್ಮ ನಂಬಿಕೆಯ ಬಗ್ಗೆ ನನಗೆ ಗೌರವ ಇದೆ ಸರ್. ಆದರೆ ಇವೆರಡನ್ನೂ ಒಂದೇ ಅನ್ನಬೇಡಿ, ಯಾರಾದರೂ ಕಾಯಿಲೆ ಬಿದ್ದವರು ನಂಬಿಬಿಡುತ್ತಾರೆ. ಹಸು ಹುಲ್ಲು ಜೀರ್ಣಿಸುವ ಪ್ರಾಣಿ. ಅದರ ಕರುಳಿನ ಜೀವಾಣು ನಮ್ಮ ಕರುಳಿನಲ್ಲಿ ನೆಲೆ ನಿಲ್ಲುವುದಿಲ್ಲ. ಇಲ್ಲಿ ಬೇಕಿರುವುದು ಮನುಷ್ಯರದ್ದೇ, ಅದೂ ಪರೀಕ್ಷೆ ಮಾಡಿದವರದ್ದು. ಸಿ. ಡಿಫ್ ಇರುವವರಿಗೆ ಪರೀಕ್ಷೆ ಮಾಡದ ಸಗಣಿ ಕೊಟ್ಟರೆ ಇನ್ನೊಂದು ಸೋಂಕು ಸೇರಬಹುದು.

ಹಳೆಯ ಬೇರು ಬೇಕು ಅಂದರೆ ಅದು ಚೀನಾದಲ್ಲಿದೆ. 4ನೇ ಶತಮಾನದಲ್ಲಿ ಗೆ ಹಾಂಗ್ ಅನ್ನುವ ವೈದ್ಯರು ವಿಪರೀತ ಭೇದಿಗೆ ಮನುಷ್ಯರ ಮಲದ ದ್ರಾವಣ ಕೊಟ್ಟದ್ದನ್ನು ಬರೆದಿಟ್ಟಿದ್ದಾರೆ. ಈ ಕಾಲದ ವೈದ್ಯಕೀಯಕ್ಕೆ ಇದು ಬಂದದ್ದು 1958ರಲ್ಲಿ, ಅಮೆರಿಕದ ಡೆನ್ವರಿನಲ್ಲಿ. ಬೆನ್ ಐಸ್‌ಮನ್ ಅನ್ನುವ ಸರ್ಜನ್ ಮತ್ತು ಜೊತೆಯವರು ಆ್ಯಂಟಿಬಯಾಟಿಕ್‌ನಿಂದ ಕರುಳು ಕೆಟ್ಟು ಸಾಯುವ ಸ್ಥಿತಿಯಲ್ಲಿದ್ದ 4 ಮಂದಿಗೆ ಎನಿಮಾ ಮೂಲಕ ಕೊಟ್ಟರು. ನಾಲ್ವರೂ ಉಳಿದರು. ಆಗ ಈ ರೋಗಕ್ಕೆ ಸಿ. ಡಿಫ್ ಕಾರಣ ಅಂತಲೇ ಗೊತ್ತಿರಲಿಲ್ಲ. ಅದು ಗೊತ್ತಾದದ್ದು 1978ರಲ್ಲಿ.

ನ್ಯೂಜೆರ್ಸಿ ಕನ್ನಡಿಗ

ನಮ್ಮಲ್ಲಿ ಈಗ ಟ್ಯೂಬ್ ಹಾಕಬೇಕಾಗಿಯೇ ಇಲ್ಲ. 2022ರ ನವೆಂಬರಿನಲ್ಲಿ ರೆಬಯೋಟಾ ಅನ್ನುವ ಎನಿಮಾಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. 2023ರ ಏಪ್ರಿಲಿನಲ್ಲಿ ವೌಸ್ಟ್ ಅನ್ನುವ ಕ್ಯಾಪ್ಸೂಲ್ ಬಂತು. ದಿನಕ್ಕೆ 4, ಮೂರು ದಿನ, ಅಷ್ಟೇ. ನನ್ನ ಹೆಂಡತಿಯ ಸಹೋದ್ಯೋಗಿ ಒಬ್ಬರು ತೆಗೆದುಕೊಂಡು ಗುಣವಾದರು. ಆದರೆ ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ. ವೌಸ್ಟ್ ಮಾರುಕಟ್ಟೆಗೆ ಬಂದಾಗ ಒಂದು ಕೋರ್ಸಿಗೆ 17,500 ಡಾಲರ್ ಇಟ್ಟಿದ್ದರು. ಇನ್ಶೂರೆನ್ಸ್ ಒಪ್ಪದಿದ್ದರೆ ಕತೆ ಮುಗೀತು.

ಹುಬ್ಬಳ್ಳಿ ಎಂಡೋಸ್ಕೋಪಿ

ನಿಜ. ಒಂದು ಸೇರಿಸುತ್ತೇನೆ. ವೌಸ್ಟ್ ಅಂದರೆ ಪೂರ್ತಿ ಮಲ ಅಲ್ಲ. ದಾನಿಗಳ ಮಲವನ್ನು ಶುದ್ಧಿ ಮಾಡಿ, ಅದರಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾದ ಸ್ಪೋರ್ ಮಾತ್ರ ಉಳಿಸಿಕೊಂಡದ್ದು. ಅದರ ಪ್ರಯೋಗದಲ್ಲಿ 8 ವಾರದ ಒಳಗೆ ರೋಗ ಮರಳಿದ್ದು ಕ್ಯಾಪ್ಸೂಲ್ ತೆಗೆದುಕೊಂಡವರಲ್ಲಿ ಶೇ. 12, ಬರೀ ಖಾಲಿ ಮಾತ್ರೆಯವರಲ್ಲಿ ಶೇ. 40. ಒಂದು ವಿಷಯ ನೆನಪಿಡಿ. ಎರಡು ಔಷಧಗಳೂ ಮರುಕಳಿಸದಂತೆ ತಡೆಯಲು ಇರುವವು. ಮೊದಲು ವ್ಯಾಂಕೊಮೈಸಿನ್ ಅಥವಾ ಫಿಡಾಕ್ಸೊಮೈಸಿನ್ ಕೊಟ್ಟು ಭೇದಿ ನಿಲ್ಲಿಸಲೇಬೇಕು.

ಬಯಲುಸೀಮೆ ಹುಡುಗ

ಇಷ್ಟೆಲ್ಲ ಖರ್ಚು ಯಾಕೆ? ಮನೆಯಲ್ಲೇ ಮಾಡುವ ವಿಡಿಯೋಗಳಿವೆ. ಮಿಕ್ಸಿ, ಉಪ್ಪುನೀರು, ಎನಿಮಾ ಚೀಲ ಇದ್ದರೆ ಆಯಿತು. ನನಗೆ ಐಬಿಎಸ್ (ಆಗಾಗ ಹೊಟ್ಟೆನೋವು, ಭೇದಿ ಅಥವಾ ಮಲಬದ್ಧತೆ ಕಾಡುವ ಕರುಳಿನ ತೊಂದರೆ) ಇದೆ, ನಾಲ್ಕು ವರ್ಷದಿಂದ ಒದ್ದಾಡುತ್ತಿದ್ದೇನೆ. ನನ್ನ ತಮ್ಮ ಗಟ್ಟಿಮುಟ್ಟಾಗಿದ್ದಾನೆ, ಜಿಮ್‌ಗೆ ಹೋಗುತ್ತಾನೆ. ಅವನದ್ದು ಹಾಕಿಕೊಂಡರೆ ಆಗಲ್ವಾ?

ತುಂಗೆಯ ಮಗಳು

ತಮ್ಮಾ, ದಯವಿಟ್ಟು ಬೇಡ. ಕೈ ಮುಗಿದು ಕೇಳುತ್ತೇನೆ. ನನ್ನ ಪೋಸ್ಟ್ ಓದಿ ಯಾರಾದರೂ ಹೀಗೆ ಮಾಡಿಬಿಟ್ಟರೆ ನನಗೆ ನಿದ್ದೆ ಬರಲ್ಲ. ನಾಲ್ಕು ವರ್ಷದ ಒದ್ದಾಟ ಎಂಥದು ಅಂತ ನನಗೆ ಅರ್ಥ ಆಗುತ್ತದೆ. ಡಾಕ್ಟರ್ ಬರುವವರೆಗೆ ಏನೂ ಮಾಡಬೇಡ.

ಹುಬ್ಬಳ್ಳಿ ಎಂಡೋಸ್ಕೋಪಿ

ಬಯಲುಸೀಮೆಯ ತಮ್ಮನಿಗೆ. ಗಟ್ಟಿಮುಟ್ಟಾಗಿ ಕಾಣುವುದಕ್ಕೂ ದಾನಿ ಆಗುವುದಕ್ಕೂ ಸಂಬಂಧ ಇಲ್ಲ. ಅಮೆರಿಕದಲ್ಲಿ ಓಪನ್‌ಬಯೋಮ್ ಅನ್ನುವ ಮಲ ಬ್ಯಾಂಕ್ 2012ರಲ್ಲಿ ಶುರುವಾಯಿತು. ದಾನ ಮಾಡಲು ಬಂದವರಲ್ಲಿ ನೂರಕ್ಕೆ ಮೂವರೂ ಪಾಸಾಗುತ್ತಿರಲಿಲ್ಲ. ಎಚ್‌ಐವಿ, ಹೆಪಟೈಟಿಸ್, ಸಿಫಿಲಿಸ್ ಪರೀಕ್ಷೆ ಬೇಕು. ಮಲದಲ್ಲಿ ಸಾಲ್ಮೊನೆಲ್ಲಾ, ಶಿಗೆಲ್ಲಾ, ನೊರೊವೈರಸ್, ಹುಳುಗಳು ಎಲ್ಲ ನೋಡಬೇಕು. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಇದೆಯಾ ಅಂತ ನೋಡಬೇಕು. ಮೂರು ತಿಂಗಳಿಂದ ಆ್ಯಂಟಿಬಯಾಟಿಕ್ ತೆಗೆದುಕೊಂಡಿರಬಾರದು. ಸ್ವಲ್ಪ ದಿನ ಬಿಟ್ಟು ದಾನಿಯನ್ನು ಮತ್ತೆ ಪರೀಕ್ಷೆ ಮಾಡುತ್ತಾರೆ. ಅಲ್ಲಿಯವರೆಗೆ ಅವರು ಕೊಟ್ಟದ್ದನ್ನು ಬಳಸುವ ಹಾಗಿಲ್ಲ.

ಇದರಲ್ಲಿ ಒಂದೇ ಒಂದು ಪರೀಕ್ಷೆ ಬಿಟ್ಟುಹೋದದ್ದಕ್ಕೆ 2019ರಲ್ಲಿ ಅಮೆರಿಕದಲ್ಲಿ ಇಬ್ಬರು ರೋಗಿಗಳಿಗೆ ಔಷಧಕ್ಕೆ ಬಗ್ಗದ ಇ. ಕೊಲೈ ರಕ್ತಕ್ಕೆ ಸೇರಿತು. ಒಬ್ಬರು ತೀರಿಕೊಂಡರು. ಇಬ್ಬರಿಗೂ ಒಬ್ಬರೇ ದಾನಿ. ಆ ದಾನಿಯ ಮಲವನ್ನು ಈ ಒಂದು ಬ್ಯಾಕ್ಟೀರಿಯಾಕ್ಕೆ ಪರೀಕ್ಷಿಸಿರಲಿಲ್ಲ. ದಾನಿಗೆ ಯಾವ ತೊಂದರೆಯೂ ಇರಲಿಲ್ಲ, ಆರಾಮಾಗಿದ್ದರು. ನಮ್ಮ ದೇಶದಲ್ಲಿ ಇಂಥ ಬ್ಯಾಕ್ಟೀರಿಯಾ ಹೊಟ್ಟೆಯಲ್ಲಿ ಇಟ್ಟುಕೊಂಡು ಓಡಾಡುವ ಆರೋಗ್ಯವಂತರು ಬಹಳ. ನಿನ್ನ ತಮ್ಮನೂ ಇರಬಹುದು, ನಾನೂ ಇರಬಹುದು. ಮಿಕ್ಸಿಗೆ ಅದು ಗೊತ್ತಾಗಲ್ಲ.

ಇನ್ನು ಐಬಿಎಸ್. ಪ್ರಯೋಗಗಳು ನಡೆದಿವೆ. ಕೆಲವು ಚೆನ್ನಾಗಿ ಬಂದವು, ಕೆಲವು ಬರಲಿಲ್ಲ. ಈಗ ಮಾಡಿಸು ಅಂತ ಹೇಳುವಷ್ಟು ಇಲ್ಲ. ತೂಕ ಇಳಿಸಲು, ಆಟಿಸಂಗೆ ಅಂತ ಹಣ ಕೀಳುವವರೂ ಇದ್ದಾರೆ, ಅವರಿಂದ ದೂರ ಇರಿ. ಗಟ್ಟಿ ಪುರಾವೆ ಇರುವುದು ಮರುಕಳಿಸುವ ಸಿ. ಡಿಫ್‌ಗೆ. ದೊಡ್ಡ ಕರುಳಿನಲ್ಲಿ ಹುಣ್ಣಾಗುವ ಅಲ್ಸರೇಟಿವ್ ಕೊಲೈಟಿಸ್‌ಗೆ ಒಳ್ಳೆಯ ಕೆಲಸ ನಡೆಯುತ್ತಿದೆ. ನಮ್ಮ ದೇಶದಲ್ಲೇ ದೆಹಲಿಯ ಏಮ್ಸ್ ಮತ್ತು ಲುಧಿಯಾನದ ದಯಾನಂದ ವೈದ್ಯಕೀಯ ಕಾಲೇಜಿನವರು ಅದರ ಬಗ್ಗೆ ಪ್ರಯೋಗ ಮಾಡಿ ಪ್ರಕಟಿಸಿದ್ದಾರೆ. ನಿನ್ನ ಐಬಿಎಸ್ ಬಗ್ಗೆ ಬೇರೆ ಎಳೆ ಶುರು ಮಾಡು, ಏನೇನು ತಿನ್ನುತ್ತೀಯ, ಯಾವಾಗ ಜಾಸ್ತಿ ಆಗುತ್ತದೆ ಅಂತ ಬರೆ. ಖಂಡಿತ ನೋಡುತ್ತೇನೆ.

ಬಯಲುಸೀಮೆ ಹುಡುಗ

ಸರಿ ಸರ್. ಮಾಡಲ್ಲ. ಎನಿಮಾ ಚೀಲ ಆರ್ಡರ್ ಹಾಕಿದ್ದೆ, ಈಗಷ್ಟೇ ಕ್ಯಾನ್ಸಲ್ ಮಾಡಿದೆ. ಅಕ್ಕಾ, ನಿದ್ದೆ ಮಾಡಿ.

ಮಜ್ಜಿಗೆ ಹುಳಿ

ಇನ್ನೊಂದು ಕೇಳಲಾ? ನಾವು ಸಸ್ಯಾಹಾರಿಗಳು. ದಾನಿ ಮಾಂಸ ತಿನ್ನುವವರಾದರೆ? ದಾನಿ ಯಾರು ಅಂತ ಹೇಳುತ್ತಾರಾ?

ತುಂಗೆಯ ಮಗಳು

ಹೇಳಲ್ಲ. ನನಗೂ ಇದು ಮನಸ್ಸಿನಲ್ಲಿತ್ತು, ಕೇಳಿದೆ. ನರ್ಸ್ ತುಂಬಾ ತಾಳ್ಮೆಯಿಂದ ಹೇಳಿದರು. ಬರುವುದು ಊಟ ಅಲ್ಲ, ಜೀವಾಣು. ಮುಂದೆ ಅವು ನಾನು ಏನು ತಿನ್ನುತ್ತೇನೋ ಅದನ್ನೇ ತಿಂದು ಬದುಕಬೇಕು ಅಂತ. ಆಮೇಲೆ ನನಗೆ ಹೊಳೆದದ್ದು ಏನು ಗೊತ್ತಾ? ರಕ್ತ ಕೊಡುವವರನ್ನು ನಾವು ಏನು ತಿಂದಿರಿ ಅಂತ ಕೇಳುತ್ತೇವಾ? ನನಗೆ ಹೆರಿಗೆಯಲ್ಲಿ ಎರಡು ಬಾಟಲಿ ರಕ್ತ ಹಾಕಿದ್ದರು. ಒಂದು ಸಲವೂ ಆ ಪ್ರಶ್ನೆ ಬರಲಿಲ್ಲ. ಆ ದಾನಿ ಯಾರೋ ಗೊತ್ತಿಲ್ಲ, ದಿನಾ ಬೆಳಿಗ್ಗೆ ನೆನೆಯುತ್ತೇನೆ. ಇಷ್ಟು ಮುಜುಗರದ ಕೆಲಸವನ್ನು ಯಾವ ಹೆಸರೂ ಇಲ್ಲದೆ ಮಾಡಿ ಹೋಗಿದ್ದಾರೆ.

ನನಗೆ ಅಕ್ಕಿ ರೊಟ್ಟಿ, ಸೊಪ್ಪಿನ ಹುಳಿ ಎಲ್ಲ ಮೊದಲಿನ ಹಾಗೇ ಒಗ್ಗುತ್ತಿದೆ. ಕಾಳಿಗೆ ಮಾತ್ರ ಮೂರು ತಿಂಗಳು ಬೇಕಾಯಿತು.

ಕಾವೇರಿ ಬಯಲು

ಮೇಡಂ, ಡಾಕ್ಟರ್ ಸರ್, ನಾನು ಮಂಡ್ಯ ಕಡೆಯವನು. ಓದುತ್ತಾ ಓದುತ್ತಾ ಕೈ ನಡುಗುತ್ತಿದೆ. ನಮ್ಮಪ್ಪನಿಗೆ 68. ಕಾಲಿನ ಗಾಯಕ್ಕೆ ಆಸ್ಪತ್ರೆಯಲ್ಲಿ ಎಂಟು ದಿನ ಆ್ಯಂಟಿಬಯಾಟಿಕ್ ಇಂಜೆಕ್ಷನ್ ಹಾಕಿದ್ದರು. ಮನೆಗೆ ಬಂದು ಹತ್ತು ದಿನ. ಆರು ದಿನದಿಂದ ಭೇದಿ. ಮೆಡಿಕಲ್ ಶಾಪಿನಿಂದ ಭೇದಿ ನಿಲ್ಲುವ ಮಾತ್ರೆ ತಂದು ಕೊಟ್ಟೆವು. ನಿಂತ ಹಾಗಾಗಿ ಈಗ ಹೊಟ್ಟೆ ಉಬ್ಬಿದೆ, ಜ್ವರ ಇದೆ. ಊರಿನ ಡಾಕ್ಟರು ಇನ್ನೊಂದು ಆ್ಯಂಟಿಬಯಾಟಿಕ್ ಬರೆದಿದ್ದಾರೆ. ಇದೂ ಅದೇನಾ?

ಹುಬ್ಬಳ್ಳಿ ಎಂಡೋಸ್ಕೋಪಿ

ಇರಬಹುದು. ಹೊಟ್ಟೆ ಉಬ್ಬಿ ಜ್ವರ ಇದ್ದರೆ ಕಾಯುವ ಹಾಗಿಲ್ಲ. ಇವತ್ತೇ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಭೇದಿ ನಿಲ್ಲಿಸುವ ಮಾತ್ರೆ ನಿಲ್ಲಿಸಿ. ಈ ಸೋಂಕಿನಲ್ಲಿ ಆ ಮಾತ್ರೆಯಿಂದ ರೋಗಾಣುವಿನ ವಿಷ ಒಳಗೇ ನಿಂತುಬಿಡುತ್ತದೆ. ಆ ಇಂಜೆಕ್ಷನ್‌ಗಳ ಹೆಸರಿರುವ ಡಿಸ್ಚಾರ್ಜ್ ಚೀಟಿ ಮರೆಯದೆ ತೆಗೆದುಕೊಂಡು ಹೋಗಿ. "ಆ್ಯಂಟಿಬಯಾಟಿಕ್ ಆದ ಮೇಲೆ ಶುರುವಾದ ಭೇದಿ, ಸಿ. ಡಿಫ್ ಟಾಕ್ಸಿನ್ ಪರೀಕ್ಷೆ ಮಾಡ್ತೀರಾ" ಅಂತ ಬಾಯಿಬಿಟ್ಟು ಕೇಳಿ. ನಮ್ಮಲ್ಲಿ ಎಷ್ಟೋ ಕಡೆ ಕೇಳದೆ ಮಾಡುವುದಿಲ್ಲ, ಹಾಗಾಗಿ ಕಾಯಿಲೆ ಗೊತ್ತೇ ಆಗುವುದಿಲ್ಲ. ಹೊಸ ಆ್ಯಂಟಿಬಯಾಟಿಕ್ ಬೇಕೋ ಬೇಡವೋ ಅಲ್ಲಿಯವರು ಹೇಳಲಿ. ಆಸಿಡಿಟಿ ಮಾತ್ರೆ ವರ್ಷಗಟ್ಟಲೆ ತಿನ್ನುತ್ತಿದ್ದರೆ ಅದನ್ನೂ ಹೇಳಿ.

ಅಪ್ಪನಿಗೆ ಮಲ ಕಸಿಯ ಮಾತು ಈಗ ಬೇಡ. ಮೊದಲ ಸಲ ಬಂದವರಲ್ಲಿ ಹೆಚ್ಚಿನವರಿಗೆ ಮಾತ್ರೆಯಲ್ಲೇ ಹೋಗುತ್ತದೆ. ಸುಮಾರು 5ರಲ್ಲಿ 1 ಮಂದಿಗೆ ಮರಳುತ್ತದೆ. ಧೈರ್ಯವಾಗಿರಿ, ಹೊರಡಿ.

ಕಾವೇರಿ ಬಯಲು

ಹೊರಟಿದ್ದೇವೆ ಸರ್. ಮೈಸೂರಿಗೆ.

ಕೊಟ್ಟಿಗೆ ಡಾಕ್ಟ್ರು, ಹಾಸನ

ದಾರಿಯಲ್ಲಿ ಸ್ವಲ್ಪ ಸ್ವಲ್ಪ ಓಆರ್‌ಎಸ್ ಕುಡಿಸುತ್ತಾ ಇರಿ ತಮ್ಮ. ಅಲ್ಲಿ ರಾತ್ರಿ ಉಳಿಯಬೇಕಾದರೆ ನನ್ನ ಅಕ್ಕನ ಮನೆ ಇದೆ, ಮೆಸೇಜ್ ಹಾಕಿ.

ಕಾವೇರಿ ಬಯಲು

ನಾಲ್ಕು ದಿನ ಆಯಿತು, ಬರೆಯಲು ಆಗಿರಲಿಲ್ಲ. ಟಾಕ್ಸಿನ್ ಪಾಸಿಟಿವ್ ಬಂತು. ವ್ಯಾಂಕೊಮೈಸಿನ್ ಶುರು ಮಾಡಿದ್ದಾರೆ. ಕ್ಯಾಪ್ಸೂಲ್ ಸಿಗಲಿಲ್ಲ ಅಂತ ಇಂಜೆಕ್ಷನ್ ಬಾಟಲಿಯದನ್ನೇ ನೀರಿಗೆ ಬೆರೆಸಿ ಕುಡಿಸುತ್ತಿದ್ದಾರೆ. ಇದು ಸರಿನಾ ಸರ್? ನಮಗೆ ಭಯ.

ಹುಬ್ಬಳ್ಳಿ ಎಂಡೋಸ್ಕೋಪಿ

ಪೂರ್ತಿ ಸರಿ. ನಾನೂ ಹಾಗೇ ಕೊಡುತ್ತೇನೆ. ರಕ್ತನಾಳಕ್ಕೆ ಹಾಕಿದ ವ್ಯಾಂಕೊಮೈಸಿನ್ ಕರುಳಿನ ಒಳಗೆ ತಲುಪುವುದಿಲ್ಲ. ಈ ರೋಗಕ್ಕೆ ಬಾಯಿಯಿಂದಲೇ ಹೋಗಬೇಕು. ಕಹಿ ಇರುತ್ತದೆ, ಸ್ವಲ್ಪ ಶರಬತ್ತು ಬೆರೆಸಬಹುದಾ ಅಂತ ನರ್ಸನ್ನು ಕೇಳಿ. ಇನ್ನೊಂದು ಮಾತು, ಭೇದಿ ನಿಂತ ಮೇಲೆ "ಹೋಯಿತಾ ನೋಡೋಣ" ಅಂತ ಪರೀಕ್ಷೆ ಮತ್ತೆ ಮಾಡಿಸಬೇಡಿ. ಗುಣವಾದ ಮೇಲೂ ವಾರಗಟ್ಟಲೆ ಪಾಸಿಟಿವ್ ತೋರಿಸಬಹುದು. ಮಲ ಹೇಗಿದೆ ಅನ್ನುವುದನ್ನು ನೋಡಿ ಸಾಕು.

ಕಾವೇರಿ ಬಯಲು

ಜ್ವರ ಬಿಟ್ಟಿದೆ. ನಿನ್ನೆ ಎಂಟು ಸಲ, ಇವತ್ತು ಇಲ್ಲಿಯವರೆಗೆ ಮೂರು. ಅರ್ಧ ಬಟ್ಟಲು ರಾಗಿ ಗಂಜಿ ಕುಡಿದರು. ನಾಡಿದ್ದು ಮನೆಗೆ ಕಳಿಸುತ್ತಾರಂತೆ. ಮನೆಯಲ್ಲಿ ಎರಡು ವರ್ಷದ ಮಗು ಇದೆ. ಒಂದೇ ಬಾತ್‌ರೂಮ್. ತುಂಗೆಯ ಮಗಳು ಮೇಡಂ, ನೀವು ಮನೆಯಲ್ಲಿ ಹೇಗೆ ನಿಭಾಯಿಸಿದಿರಿ? ಸ್ಯಾನಿಟೈಸರ್ ದೊಡ್ಡ ಕ್ಯಾನ್ ತಂದಿಟ್ಟಿದ್ದೇನೆ.

ತುಂಗೆಯ ಮಗಳು

ಮೂರು ಸಲ ಅಂದರೆ ಒಳ್ಳೆ ಸುದ್ದಿ! ಓದಿ ಮನಸ್ಸು ಹಗುರಾಯಿತು.

ಸ್ಯಾನಿಟೈಸರ್ ಪಕ್ಕಕ್ಕಿಡಿ. ಇದರ ಸ್ಪೋರ್ ಅದಕ್ಕೆ ಸಾಯಲ್ಲ. ಸೋಪು, ಹರಿಯುವ ನೀರು. ಬೆರಳ ಸಂದಿ, ಉಗುರು ಎಲ್ಲ ಉಜ್ಜಿ ತೊಳೆಯಬೇಕು, ಉಜ್ಜಿದಾಗಲೇ ಅದು ಬಿಟ್ಟು ಹೋಗುವುದು. ಅಪ್ಪನೂ ತೊಳೆಯಬೇಕು, ನೋಡಿಕೊಳ್ಳುವವರೂ ತೊಳೆಯಬೇಕು. ಊಟಕ್ಕೆ ಮುಂಚೆ ಮತ್ತೊಂದು ಸಲ.

ಬಾತ್‌ರೂಮಿಗೆ ಫಿನಾಯಿಲ್ ಸಾಲದು. ಬ್ಲೀಚ್ ಬೇಕು. ಡಬ್ಬಿಯ ಮೇಲೆ ಹೇಳಿದ ಅಳತೆಗೆ ನೀರು ಬೆರೆಸಿ. ಮೊದಲು ಸೋಪಿನಲ್ಲಿ ಒಮ್ಮೆ ತೊಳೆದು, ಆಮೇಲೆ ಬ್ಲೀಚ್ ನೀರು ಹಾಕಿ ಹತ್ತು ನಿಮಿಷ ಬಿಡಿ. ಆಸಿಡ್ ಜೊತೆ ಮಾತ್ರ ಯಾವತ್ತೂ ಬೆರೆಸಬೇಡಿ, ವಿಷದ ಗಾಳಿ ಬರುತ್ತದೆ. ಕಿಟಕಿ ತೆಗೆದಿಡಿ. ಎಲ್ಲರೂ ಮರೆಯುವುದು ನಲ್ಲಿಯ ತಿರುಗಣೆ, ಬಾಗಿಲ ಚಿಲಕ, ಲೈಟ್ ಸ್ವಿಚ್, ಚೊಂಬಿನ ಹಿಡಿ. ಅಪ್ಪನಿಗೆ ಬೇರೆ ಚೊಂಬು ಕೊಡಿ. ನಮ್ಮನೆಯಲ್ಲಿ ನನ್ನ ಚೊಂಬಿಗೆ ಕೆಂಪು ದಾರ ಕಟ್ಟಿದ್ದೆ, ಮಗಳಿಗೆ ಗೊತ್ತಾಗಲಿ ಅಂತ. ಬಟ್ಟೆ, ಹಾಸಿಗೆ ಬೇರೆ ಬಿಸಿ ನೀರಿನಲ್ಲಿ ಒಗೆಯಿರಿ.

ಮಗುವನ್ನು ದೂರ ಇಡಲೇಬೇಕು ಅಂತಿಲ್ಲ. ಭೇದಿ ಪೂರ್ತಿ ನಿಂತು ಎರಡು ದಿನ ಆಗುವವರೆಗೆ ಆ ಬಾತ್‌ರೂಮಿನ ನೆಲದಲ್ಲಿ ಅಂಬೆಗಾಲು ಇಡದ ಹಾಗೆ ನೋಡಿಕೊಳ್ಳಿ. ಕೈ ತೊಳೆದು ಬಂದ ಮೇಲೆ ಅಪ್ಪ ಮೊಮ್ಮಗುವನ್ನು ಎತ್ತಿಕೊಳ್ಳಲಿ. ನನಗೆ ಆ ದಿನಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ನೋವಾಗಿದ್ದು ಮಗಳನ್ನು ಮುಟ್ಟಲು ಹೆದರಿದ್ದು.

ಮಾತ್ರೆ ಮುಗಿದ ಮೇಲೆ ಎಂಟು ವಾರ ಕಣ್ಣಿಟ್ಟಿರಿ. ದಿನಕ್ಕೆ ಮೂರು ಸಲ ನೀರಾಗಿ ಆದರೆ ಅದೇ ದಿನ ಆಸ್ಪತ್ರೆಗೆ ಫೋನ್ ಮಾಡಿ. ಅಪ್ಪ ಹೇಳಲು ನಾಚಿಕೊಳ್ಳಬಹುದು. ನೀವೇ ಕೇಳಿ.

ಕಾವೇರಿ ಬಯಲು

ಕೇಳುತ್ತೇನೆ ಮೇಡಂ. ಈಗಲೇ ಹೋಗಿ ಬ್ಲೀಚ್ ತರುತ್ತೇನೆ. ಚೊಂಬಿಗೆ ಕಟ್ಟಲು ಅವ್ವ ಆಗಲೇ ದಾರ ಹುಡುಕುತ್ತಿದ್ದಾರೆ.